ಗ್ರಾಮೀಣ ಸಮುದಾಯ ನಿಸ್ತಂತು ಅಂತರಜಾಲ: ಕಂಬದ ಖರ್ಚು ಮತ್ತು ಖಾತೆಯ ಲೆಕ್ಕ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಪೇಟೆಯ ವರ್ತಕರಿಗೂ ಒಳನಾಡಿನ ಸಣ್ಣ ಉತ್ಪಾದಕರಿಗೂ ನಡುವೆ ಇರುವ ಅಂತರಗಳಲ್ಲಿ ಅಂತರಜಾಲ ಸಂಪರ್ಕವೂ ಒಂದು. ಬಿ.ಸಿ.ರೋಡಿನಲ್ಲೋ ಉಜಿರೆಯಲ್ಲೋ ಮಳಿಗೆ ಇಟ್ಟವರಿಗೆ ಫೈಬರ್ ಸಂಪರ್ಕವು ಬಾಗಿಲಿನವರೆಗೆ ಬರುತ್ತದೆ. ಪೇಟೆಯಿಂದ ದೂರ, ಗುಡ್ಡದ ಮಗ್ಗುಲಲ್ಲಿ ಗೇರುಬೀಜ ಸಂಸ್ಕರಣೆಯ ಘಟಕವನ್ನೋ ಅಕ್ಕಿ ಗಿರಣಿಯನ್ನೋ ನಡೆಸುವವರು ಮೊಬೈಲಿಗೆ ಸಿಗ್ನಲ್ ಸಿಗುವ ಮೂಲೆಯನ್ನು ಹುಡುಕಬೇಕಾದ ಸ್ಥಿತಿ ಹಲವೆಡೆ ಇದೆ. 2020 ಮತ್ತು 2021ರಲ್ಲಿ ಶಾಲಾ ಕಾಲೇಜುಗಳು ಮುಚ್ಚಿದ್ದಾಗ ಕರಾವಳಿ ಹಾಗೂ ಮಲೆನಾಡಿನ ವಿದ್ಯಾರ್ಥಿಗಳು ಗುಡ್ಡದ ಮೇಲೆ ಟಾರ್ಪಾಲಿನ ಗುಡಿಸಲು ಕಟ್ಟಿಕೊಂಡು ಪಾಠ ಕೇಳಿದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದಾರೆ. ವ್ಯಾಪಾರಿಗಳ ಕಷ್ಟ ಅಷ್ಟಾಗಿ ಸುದ್ದಿಯಾಗಲಿಲ್ಲ.

ಕಷ್ಟವಂತೂ ಇದ್ದೇ ಇದೆ. ಐವತ್ತು ಸಾವಿರ ರೂಪಾಯಿಗೆ ಮೇಲ್ಪಟ್ಟ ಸರಕಿನ ಸಾಗಣೆಗೆ ಇ-ವೇ ಬಿಲ್ ಪದ್ಧತಿಯು ಕರ್ನಾಟಕದಲ್ಲಿ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಲಾರಿ ಹೊರಡುವ ಮೊದಲೇ ಬಿಲ್ ಸಿದ್ಧವಾಗಿರಬೇಕು. ಸಂಪರ್ಕ ಸಿಗಲಿಲ್ಲವೆಂಬುದನ್ನು ತಪಾಸಣೆಯ ಅಧಿಕಾರಿಗಳು ಸಬೂಬಾಗಿ ಒಪ್ಪುವುದಿಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ತೆರಿಗೆಗೆ ಒಳಪಟ್ಟ ಸರಕನ್ನು ತಡೆದು ನಿಲ್ಲಿಸಿದಾಗ ಮಾಲೀಕರೇ ಮುಂದೆ ಬಂದರೂ ದಂಡವು ತೆರಿಗೆಯ ಶೇಕಡಾ 200ರಷ್ಟಾಗುತ್ತದೆ. ಐದು ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ 2023ರ ಆಗಸ್ಟ್‌ನಿಂದ ಇ-ಇನ್ವಾಯ್ಸ್ ಕೂಡ ಕಡ್ಡಾಯವಾಯಿತು. ಹೀಗಿರುವಾಗ ಅಂತರಜಾಲವನ್ನು ಅನುಕೂಲವೆಂದಷ್ಟೇ ಭಾವಿಸದೆ, ವಿದ್ಯುತ್ತಿನಂತೆ ಉತ್ಪಾದನೆಯ ಒಂದು ಅಂಗವೆಂದೇ ಲೆಕ್ಕ ಹಿಡಿಯಬೇಕಾಗುತ್ತದೆ.

ಕಂಪನಿಗಳು ಬಾರದ ಕಡೆ ಗ್ರಾಮದವರೇ ಸೇರಿ ನಿಸ್ತಂತು ಜಾಲವೊಂದನ್ನು ಕಟ್ಟಿ ನಡೆಸಬಹುದೇ ಎಂಬ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ. ಇದು ತಾಂತ್ರಿಕವಾಗಿ ಸಾಧ್ಯವೆಂಬುದು ಇಪ್ಪತ್ತು ವರ್ಷಗಳ ಹಿಂದೆಯೇ ಸಿದ್ಧವಾಗಿದೆ. ಇಂಥ ಜಾಲಗಳು ನಿಂತುಹೋಗುವುದು ಸಾಮಾನ್ಯವಾಗಿ ರೇಡಿಯೋ ಅಲೆಗಳ ದೋಷದಿಂದಲ್ಲ. ಮೂರನೆಯದೋ ನಾಲ್ಕನೆಯದೋ ವರ್ಷದಲ್ಲಿ ಉಪಕರಣ ಬದಲಿಸಲು ಖಾತೆಯಲ್ಲಿ ಹಣವಿಲ್ಲದ ಕಾರಣದಿಂದ.

ಧರ್ಮಶಾಲೆ, ದೇವರಾಯನದುರ್ಗ

2005ರ ಜನವರಿಯಲ್ಲಿ ಕೇಂದ್ರ ಸರಕಾರವು 2.4 ಗಿಗಾಹರ್ಟ್ಸ್ ತರಂಗಾಂತರವನ್ನು ಕಟ್ಟಡದ ಹೊರಗೂ ಪರವಾನಗಿಯಿಲ್ಲದೆ ಬಳಸಲು ಅನುಮತಿ ನೀಡಿತು. ಮರುತಿಂಗಳೇ ಹಿಮಾಚಲ ಪ್ರದೇಶದ ಧರ್ಮಶಾಲೆಯಲ್ಲಿ ಟಿಬೆಟನ್ ಸಮುದಾಯದ ಸಂಸ್ಥೆಗಳನ್ನು ಜೋಡಿಸುವ ನಿಸ್ತಂತು ಜಾಲವೊಂದು ಆರಂಭವಾಯಿತು. ಫೆಬ್ರವರಿ ಮುಗಿಯುವುದರೊಳಗೆ ಎಂಟು ಆವರಣಗಳು ಜೋಡಣೆಯಾಗಿದ್ದವು. ಮನೆಬಳಕೆಗೆಂದು ಮಾರಾಟವಾಗುತ್ತಿದ್ದ ಅಗ್ಗದ ರೌಟರುಗಳ ತಂತ್ರಾಂಶವನ್ನು ಬದಲಿಸಿ, ಮಳೆ ತಾಗದ ಪೆಟ್ಟಿಗೆಯಲ್ಲಿಟ್ಟು, ಕೆಲವೆಡೆ ಸೌರಫಲಕದಿಂದ ವಿದ್ಯುತ್ ಕೊಟ್ಟು ಈ ಕೆಲಸ ನಡೆಯಿತು. ಅಲ್ಲಿನ ಮಂಗಗಳು ಆಂಟೆನಾಗಳಿಗೆ ಜೋತುಬೀಳುತ್ತಿದ್ದುದೂ ತಂತ್ರಜ್ಞರಿಗೆ ಒಂದು ತಲೆನೋವಾಗಿತ್ತು. ಚಾರ್ಮಾಡಿಯ ಬುಡದಲ್ಲಿ ವಾಸಿಸುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಏರ್‌ಜಾಲ್ದಿ ಎಂಬ ಹೆಸರಿನ ಆ ಪ್ರಯತ್ನವು ಮುಂದೆ ಪರವಾನಗಿ ಪಡೆದ ಸೇವಾದಾರ ಸಂಸ್ಥೆಯಾಗಿ ಬೆಳೆದು ಬೇರೆ ರಾಜ್ಯಗಳಿಗೂ ಹಬ್ಬಿತು. ಸ್ವಯಂಸೇವೆಯಿಂದ ಹುಟ್ಟಿದ್ದು ಉಳಿದುಕೊಂಡದ್ದು ಶುಲ್ಕ, ವೇತನ, ಪರವಾನಗಿಗಳ ಶಿಸ್ತಿಗೆ ಒಳಪಟ್ಟ ಮೇಲೆ ಎಂಬುದು ವ್ಯಾಪಾರಿಗಳು ಗಮನಿಸತಕ್ಕ ಅಂಶ.

ಕರ್ನಾಟಕದಲ್ಲಿಯೇ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಆಸುಪಾಸಿನ ಹಳ್ಳಿಗಳಲ್ಲಿ ಜನಸ್ತು ಎಂಬ ಸಂಸ್ಥೆಯು ಸಮುದಾಯದ ಒಡೆತನದ ವೈ-ಫೈ ಜಾಲದ ಪ್ರಯೋಗ ನಡೆಸಿದೆ. ಉಕ್ಕಿನ ಗೋಪುರದ ಬದಲು ಬಿದಿರಿನ ಗೋಪುರಗಳನ್ನು ನಿಲ್ಲಿಸಿದ್ದು ಅಲ್ಲಿನ ವಿಶೇಷ. ಹೊರಗಿನ ಅಂತರಜಾಲ ಇಲ್ಲದ ಹೊತ್ತಿನಲ್ಲೂ ಊರಿನೊಳಗೆ ಧ್ವನಿಮುದ್ರಿಕೆ, ಮಾಹಿತಿಗಳ ವಿನಿಮಯ ನಡೆಯಬೇಕೆಂಬುದು ಆ ಪ್ರಯೋಗದ ಮುಖ್ಯ ಆಶಯ. ಕರಾವಳಿಯ ಮಳೆಗೆ ಬಿದಿರಿನ ಗೋಪುರ ಎಷ್ಟು ವರ್ಷ ತಡೆದೀತೆಂಬುದು ಬೇರೆ ಮಾತು. ಆದರೆ ಊರಿನಲ್ಲೇ ಸಿಗುವ ವಸ್ತುವಿನಿಂದ, ಊರಿನವರೇ ದುರಸ್ತಿ ಮಾಡಬಲ್ಲಂತೆ ಕಟ್ಟಬೇಕೆಂಬ ವಿಚಾರ ಅನುಸರಿಸತಕ್ಕದ್ದೇ.

ಗುಡ್ಡ, ತೋಟ, ಸಿಡಿಲು

ನಿಸ್ತಂತು ಕೊಂಡಿಗೆ ಬೇಕಾದ ಮೊದಲ ಸಂಗತಿ ನೇರ ದೃಷ್ಟಿರೇಖೆ. ಕಣ್ಣಿಗೆ ಕಂಡರೆ ಸಾಕೆಂಬುದು ಸಾಮಾನ್ಯ ನಂಬಿಕೆ. ಅದು ಪೂರ್ತಿ ನಿಜವಲ್ಲ. ಎರಡು ಆಂಟೆನಾಗಳ ನಡುವಿನ ಗೆರೆಯ ಸುತ್ತ, ಮಧ್ಯದಲ್ಲಿ ಉಬ್ಬಿದ ಸೌತೆಕಾಯಿಯ ಆಕಾರದ ಒಂದು ವಲಯವೂ ಬಹುಮಟ್ಟಿಗೆ ತೆರವಾಗಿರಬೇಕು. 5 ಕಿ.ಮೀ. ಉದ್ದದ ಕೊಂಡಿಗೆ 5.8 ಗಿಗಾಹರ್ಟ್ಸ್‌ನಲ್ಲಿ ಈ ವಲಯದ ತ್ರಿಜ್ಯ ನಟ್ಟನಡುವೆ ಸುಮಾರು 8 ಮೀಟರ್, 2.4 ಗಿಗಾಹರ್ಟ್ಸ್‌ನಲ್ಲಿ ಸುಮಾರು 12.5 ಮೀಟರ್. ಅದರ ಶೇಕಡಾ 60ರಷ್ಟಾದರೂ ಅಡ್ಡಿಯಿಲ್ಲದೆ ಇರಬೇಕೆಂಬುದು ರೂಢಿಯ ನಿಯಮ. ಎಂದರೆ ನಡುದಾರಿಯ ಅಡಿಕೆ ತೋಟದ ತಲೆಗಿಂತ ದೃಷ್ಟಿರೇಖೆಯು ಮೊದಲನೆಯ ಸಂದರ್ಭದಲ್ಲಿ 5 ಮೀಟರ್, ಎರಡನೆಯದರಲ್ಲಿ 7.5 ಮೀಟರ್ ಮೇಲಿರಬೇಕು. ಎಳೆಯ ತೋಟವಾದರೆ ಮುಂದಿನ ವರ್ಷಗಳ ಬೆಳವಣಿಗೆಯನ್ನೂ ಕೂಡಿಸಿ ಕಂಬದ ಎತ್ತರ ನಿಶ್ಚಯಿಸಬೇಕು.

ಈ ದೃಷ್ಟಿಯಿಂದ ಈ ಮೂರು ತಾಲೂಕುಗಳ ಭೂರಚನೆ ಅನುಕೂಲವೂ ಹೌದು, ಪ್ರತಿಕೂಲವೂ ಹೌದು. ಮುರಕಲ್ಲಿನ ಪದವುಗಳು ಎತ್ತರದಲ್ಲಿ ಬಯಲಾಗಿ ಹರಡಿರುವುದರಿಂದ ಅಂಥ ಒಂದು ಪದವಿನ ಅಂಚಿನಲ್ಲಿ ನಿಲ್ಲಿಸಿದ ಕಂಬವು ಸುತ್ತಲಿನ ಹಲವು ಕಣಿವೆಗಳನ್ನು ಕಾಣಬಲ್ಲದು. ಆದರೆ ಮನೆ, ತೋಟಗಳಿರುವುದು ಆ ಕಣಿವೆಗಳ ಮರೆಯಲ್ಲಿಯೇ. ಅತಿ ಎತ್ತರದ ಜಾಗವೇ ಉತ್ತಮವೆಂಬ ಆಸೆಗೂ ಕಡಿವಾಣ ಬೇಕು: ಗಡಾಯಿಕಲ್ಲಿನಂಥ ಬಂಡೆಯ ಮೇಲಿಂದ ಅರ್ಧ ತಾಲೂಕು ಕಂಡರೂ ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಜಾಗ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಮೊಳೆಯನ್ನೂ ಹೊಡೆಯುವಂತಿಲ್ಲ. ದಾರಿ, ವಿದ್ಯುತ್ತು, ರಾತ್ರಿ ಹತ್ತು ಗಂಟೆಗೂ ಬಾಗಿಲು ತೆರೆಯುವ ಮನೆಯವರು, ಈ ಮೂರೂ ಇರುವ ಮಧ್ಯಮ ಎತ್ತರದ ಗುಡ್ಡವೇ ಲೇಸು.

ಮಳೆಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆಯಿದೆ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ನಿಸ್ತಂತು ಜಾಲ ಕೆಲಸ ಮಾಡದೆಂದು ಹಲವರು ತಿಳಿದಿದ್ದಾರೆ. 2.4 ಮತ್ತು 5 ಗಿಗಾಹರ್ಟ್ಸ್ ಅಲೆಗಳು ಕೆಲವು ಕಿಲೋಮೀಟರುಗಳ ದೂರದಲ್ಲಿ ಮಳೆಹನಿಗಳಿಂದ ಕುಂದುವುದು ಗಣನೆಗೆ ಬಾರದಷ್ಟು ಅಲ್ಪ. ಕೆಡಿಸುವುದು ದಾರಿಗಡ್ಡವಾದ ಒದ್ದೆ ಎಲೆಗಳು, ಕೇಬಲಿನ ತುದಿಯ ಕೊಂಡಿಯೊಳಗೆ ಇಳಿಯುವ ನೀರು, ಮತ್ತು ವಿದ್ಯುತ್ ನಿಲುಗಡೆ. ಕೇಬಲನ್ನು ಉಪಕರಣದ ಕೆಳಗಿನಿಂದ, ಒಂದು ಬಾಗು ಕೊಟ್ಟು ಏರಿಸಿದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಕಾಸಿನ ಖರ್ಚಿಲ್ಲದ ಈ ಎಚ್ಚರಿಕೆ ತಪ್ಪಿದ್ದರಿಂದ ಕೆಟ್ಟ ಉಪಕರಣಗಳಿಗೆ ಲೆಕ್ಕವಿಲ್ಲ. ತೋಟದ ನಡುವೆಯೇ ಕಂಬ ನೆಟ್ಟವರು ಇನ್ನೊಂದನ್ನು ನೆನಪಿಡಬೇಕು: ಮಳೆಗಾಲದಲ್ಲಿ ಅಡಿಕೆಗೆ ಬಿಡುವ ಮೈಲುತುತ್ತಿನ ದ್ರಾವಣವು ಕಬ್ಬಿಣದ ಹಾಗೂ ಸತುವು ಲೇಪಿಸಿದ ಕಟ್ಟುಗಳನ್ನು ತಿನ್ನುತ್ತದೆ.

ಸಿಡಿಲಿನ ಅಪಾಯ ಮಾತ್ರ ನಿಜವಾದದ್ದು. ಮುಂಗಾರಿಗೆ ಮೊದಲಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಗುಡುಗು ಸಿಡಿಲು ಹೆಚ್ಚು. ಒಣಗಿದ ಮುರಕಲ್ಲು ವಿದ್ಯುತ್ತನ್ನು ಭೂಮಿಗೆ ಇಳಿಸಿಕೊಳ್ಳುವುದು ಕಡಿಮೆಯಾಗಿರುವುದೂ ಆಗಲೇ. ಆದುದರಿಂದ ಗುಡ್ಡದ ಮೇಲಿನ ಭೂಸಂಪರ್ಕದ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವ ಕೆಲಸವು ಜಾಲದ ನಿರ್ವಹಣೆಯ ದಿನಚರಿಯಲ್ಲಿ ಸೇರಿರಬೇಕು. ಗುಡುಗಿದೊಡನೆ ಪ್ಲಗ್ ಎಳೆಯುವುದು ಈ ಕಡೆಯ ಮನೆಗಳ ಹಳೆಯ ರೂಢಿ. ಚಂದಾದಾರರು ಹಾಗೆ ಮಾಡಿದರೆ ಅವರ ಸಂಪರ್ಕ ಮಾತ್ರ ತಪ್ಪುತ್ತದೆ. ಕಂಬ ಇರುವ ಮನೆಯವರು ಮಾಡಿದರೆ ಊರಿಗೆ ಊರೇ ಕತ್ತಲು. ಈ ಬಗ್ಗೆ ಮೊದಲೇ ಮಾತಾಗಿರುವುದು ಒಳ್ಳೆಯದು.

ವಿದ್ಯುತ್ ನಿಲುಗಡೆಯ ಲೆಕ್ಕ ಸರಳ. 8 ವ್ಯಾಟ್ ಸೆಳೆಯುವ ಒಂದು ಉಪಕರಣ ವರ್ಷವಿಡೀ ಓಡಿದರೆ ಸುಮಾರು 70 ಯೂನಿಟ್ ಸಾಕು. 12 ವೋಲ್ಟ್, 7 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯಲ್ಲಿ 84 ವ್ಯಾಟ್-ಗಂಟೆ ಶಕ್ತಿಯಿದ್ದರೂ, ಬಾಳಿಕೆಯ ದೃಷ್ಟಿಯಿಂದ ಅರ್ಧದಷ್ಟನ್ನೇ ಬಳಸಬೇಕು. ಅದು ಐದು ಗಂಟೆಗೆ ಬಂದೀತು. ಜುಲೈಯಲ್ಲಿ ಮರ ಬಿದ್ದು ಎರಡು ದಿನ ವಿದ್ಯುತ್ ಇಲ್ಲದಿರುವುದು ಅಪರೂಪವಲ್ಲವಾದ್ದರಿಂದ ಮುಖ್ಯ ಕಂಬಕ್ಕೆ ಇದರ ಹತ್ತು ಪಟ್ಟು ಬೇಕೆಂದು ಭಾವಿಸುವುದು ಕ್ಷೇಮ.

ಕಾನೂನು ಒಪ್ಪುವ ದಾರಿ

ತರಂಗಾಂತರಕ್ಕೆ ಪರವಾನಗಿ ಬೇಡ ಎಂಬುದಕ್ಕೂ ಅಂತರಜಾಲ ಸೇವೆಯನ್ನು ಮಾರಲು ಪರವಾನಗಿ ಬೇಡ ಎಂಬುದಕ್ಕೂ ಬಹಳ ವ್ಯತ್ಯಾಸವಿದೆ. 2005ರ ಆದೇಶವು 2.4 ಗಿಗಾಹರ್ಟ್ಸ್ ಅನ್ನೂ, 2018ರ ಅಕ್ಟೋಬರಿನ ಆದೇಶವು 5 ಗಿಗಾಹರ್ಟ್ಸ್‌ನ ವಿಸ್ತೃತ ಭಾಗವನ್ನೂ ಮುಕ್ತಗೊಳಿಸಿದವು. ಎರಡಕ್ಕೂ ಶಕ್ತಿಯ ಮಿತಿ ಇದೆ. 2005ರ ಆದೇಶದ ಪ್ರಕಾರ ಪ್ರಸಾರಕದ ಶಕ್ತಿ 1 ವ್ಯಾಟ್, ಆಂಟೆನಾದ ಬಲವೂ ಸೇರಿ 4 ವ್ಯಾಟ್ ಮೀರುವಂತಿಲ್ಲ. ಗೋದಾಮಿಗೂ ಕಚೇರಿಗೂ ನಡುವೆ ಒಬ್ಬರೇ ಮಾಲೀಕರು ಈ ಮಿತಿಯೊಳಗೆ ಕೊಂಡಿ ಹಾಕಿಕೊಂಡರೆ ಸೇವೆಯ ಮಾರಾಟವಿಲ್ಲ. ಆದರೆ ಮನೆಯ ಫೈಬರ್ ಸಂಪರ್ಕವೊಂದನ್ನು ಪಡೆದು ನೆರೆಯ ಇಪ್ಪತ್ತು ಮನೆಗಳಿಗೆ ಹಂಚಿ ತಿಂಗಳ ಹಣ ವಸೂಲು ಮಾಡುವುದು ಕಾನೂನುಬಾಹಿರ. “ಎಲ್ಲರೂ ಮಾಡುತ್ತಾರೆ” ಎಂಬ ಸಮಾಧಾನ ಇಲ್ಲಿ ಅಪಾಯಕಾರಿ. 2008ರ ಅಹಮದಾಬಾದ್ ಸ್ಫೋಟಗಳ ಸಂದರ್ಭದಲ್ಲಿ ಬೆದರಿಕೆಯ ಇ-ಮೇಲ್ ಹೋದದ್ದು ನವಿ ಮುಂಬಯಿಯ ಒಂದು ಮನೆಯ ಭದ್ರತೆಯಿಲ್ಲದ ವೈ-ಫೈ ಮೂಲಕ. ಪೊಲೀಸರು ಮೊದಲು ಬಂದದ್ದು ಆ ಸಂಪರ್ಕ ಪಡೆದವರ ಬಾಗಿಲಿಗೆ. ಬಳಕೆದಾರರ ಗುರುತು ದೃಢಪಡಿಸಿಕೊಳ್ಳಬೇಕೆಂಬ ನಿರ್ದೇಶನ 2009ರಲ್ಲಿ ಬಂದ ಹಿನ್ನೆಲೆ ಇದೇ.

ನ್ಯಾಯಸಮ್ಮತ ದಾರಿಗಳು ಮುಖ್ಯವಾಗಿ ಎರಡು. ಒಂದು, ಕೇಂದ್ರ ಸಂಪುಟವು 2020ರ ಡಿಸೆಂಬರ್ 9ರಂದು ಒಪ್ಪಿದ ಪಿಎಂ-ವಾಣಿ ಯೋಜನೆ. ಇದರಡಿ ಕಿರಾಣಿ ಅಂಗಡಿ, ಹೋಟೆಲು, ಹಾಲಿನ ಸೊಸೈಟಿಗಳಂಥವು ಸಾರ್ವಜನಿಕ ದತ್ತಾಂಶ ಕಚೇರಿಯಾಗಿ ಪರವಾನಗಿ, ನೋಂದಣಿ, ಶುಲ್ಕ ಯಾವುದೂ ಇಲ್ಲದೆ ವೈ-ಫೈ ಒದಗಿಸಬಹುದು. ಬಳಕೆದಾರರ ದೃಢೀಕರಣ ಹಾಗೂ ಲೆಕ್ಕಪತ್ರದ ಹೊಣೆ ನೋಂದಾಯಿತ ಸಂಯೋಜಕ ಸಂಸ್ಥೆಯದು. ಈ ಯೋಜನೆ ಆರಂಭದಲ್ಲಿ ಕುಂಟಿದ್ದಕ್ಕೆ ಒಂದು ಕಾರಣವೆಂದರೆ ಅಂಗಡಿಯವರಿಗೆ ದುಬಾರಿ ಗುತ್ತಿಗೆ ಮಾರ್ಗಗಳನ್ನೇ ಕೊಳ್ಳುವಂತೆ ಹೇಳಲಾಗುತ್ತಿದ್ದದ್ದು. 2025ರ ಜೂನ್‌ನಲ್ಲಿ ಟ್ರಾಯ್ ಹೊರಡಿಸಿದ ಆದೇಶವು, 200 ಎಂ.ಬಿ.ಪಿ.ಎಸ್.ವರೆಗಿನ ಮನೆಬಳಕೆಯ ಫೈಬರ್ ಯೋಜನೆಗಳನ್ನು ಈ ಕಚೇರಿಗಳಿಗೆ ಮನೆಬಳಕೆಯ ದರದ ಎರಡು ಪಟ್ಟು ಮೀರದಂತೆ ನೀಡಬೇಕೆಂದು ವಿಧಿಸಿತು. ಕಡಿಮೆ ಬಂಡವಾಳದವರಿಗೆ ಇದು ದೊಡ್ಡ ಬದಲಾವಣೆ.

ಎರಡನೆಯದು, ಮನೆ ಮನೆಗೆ ಶಾಶ್ವತ ಸಂಪರ್ಕ ಕೊಡುವುದಾದರೆ ಪರವಾನಗಿ ಪಡೆದ ಸೇವಾದಾರರ ಸ್ಥಳೀಯ ಪಾಲುದಾರರಾಗುವುದು. ಬಿ.ಎಸ್.ಎನ್.ಎಲ್. ಕೂಡ ಏರ್‌ಫೈಬರ್ ಎಂಬ ಹೆಸರಿನಲ್ಲಿ ಮುಕ್ತ ತರಂಗಾಂತರ ಬಳಸಿ ಸ್ಥಳೀಯ ಪಾಲುದಾರರ ಮೂಲಕ ಸಂಪರ್ಕ ನೀಡುವ ವ್ಯವಸ್ಥೆ ಮಾಡಿತು. ಸ್ವಂತ ಪರವಾನಗಿಯ ಆಲೋಚನೆ ಇರುವವರು 2023ರ ದೂರಸಂಪರ್ಕ ಕಾಯಿದೆಯಡಿ ನಿಯಮಗಳು ಬದಲಾಗುತ್ತಿರುವುದನ್ನು ಗಮನಿಸಿ, ಅರ್ಜಿಯ ದಿನದಂದು ಇರುವ ನಿಯಮವನ್ನೇ ಓದಬೇಕು.

ಲೆಕ್ಕ

ಇನ್ನು ಮುಖ್ಯ ವಿಷಯ. ನಲವತ್ತು ಚಂದಾದಾರರ ಒಂದು ಜಾಲವನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಪ್ರತಿಯೊಬ್ಬರೂ ತಮ್ಮ ದರಪಟ್ಟಿಯನ್ನು ಅವುಗಳ ಜಾಗದಲ್ಲಿ ತುಂಬಿಕೊಳ್ಳಬೇಕು.

ಸಾಮಾನ್ಯ ಬಂಡವಾಳ 1,20,000 ರೂ. ಎಂದಿಟ್ಟುಕೊಳ್ಳೋಣ. ಅದರಲ್ಲಿ ರೇಡಿಯೋ ಮತ್ತು ಸ್ವಿಚ್ಚುಗಳು 72,000 ರೂ., ಕಂಬ ಹಾಗೂ ಭೂಸಂಪರ್ಕ 30,000 ರೂ., ಬ್ಯಾಟರಿ 18,000 ರೂ. ಚಂದಾದಾರರ ಮನೆಯ ಉಪಕರಣವನ್ನು ಅವರವರೇ ಕೊಳ್ಳುತ್ತಾರೆ. ವಾರ್ಷಿಕ ಖರ್ಚು: ಮೂಲ ಸಂಪರ್ಕದ ಬಾಡಿಗೆ ತಿಂಗಳಿಗೆ 9,000ದಂತೆ 1,08,000 ರೂ.; ಅರೆಕಾಲಿಕ ತಂತ್ರಜ್ಞರ ವೇತನ 72,000 ರೂ.; ಜಾಗದ ಬಾಡಿಗೆ ಹಾಗೂ ವಿದ್ಯುತ್ತು 18,000 ರೂ.; ಮಳೆಗಾಲದ ದುರಸ್ತಿ 15,000 ರೂ.; ಲೆಕ್ಕಪತ್ರ ಮತ್ತಿತರ ವಿಧಿಗಳಿಗೆ 20,000 ರೂ. ಒಟ್ಟು 2,33,000 ರೂ. ಇದನ್ನು ನಲವತ್ತು ಮಂದಿಗೆ ಹನ್ನೆರಡು ತಿಂಗಳಿಗೆ ಹಂಚಿದರೆ ತಲಾ 485 ರೂ. ಹೆಚ್ಚಿನ ಸಮಿತಿಗಳು ಇಲ್ಲಿಗೇ ನಿಂತು, ಮಾಸಿಕ ಶುಲ್ಕ 485 ಎಂದೋ, ಧಾರಾಳವಾಗಿ 500 ಎಂದೋ ಘೋಷಿಸುತ್ತವೆ. ಲೆಕ್ಕ ತಪ್ಪುವುದು ಇಲ್ಲಿಯೇ.

ರೇಡಿಯೋಗಳ ಬಾಳಿಕೆ ನಾಲ್ಕು ವರ್ಷ, ಬ್ಯಾಟರಿಯದು ಮೂರು, ಕಂಬದ್ದು ಹತ್ತು ಎಂದಿಟ್ಟರೆ ವಾರ್ಷಿಕ ಸವಕಳಿ ಕ್ರಮವಾಗಿ 18,000, 6,000 ಮತ್ತು 3,000. ಒಟ್ಟು 27,000 ರೂ. ಇದನ್ನೂ ಸೇರಿಸಿದರೆ ವೆಚ್ಚ 2,60,000 ರೂ., ತಲಾ ಶುಲ್ಕ 542 ರೂ. ವ್ಯತ್ಯಾಸ ತಿಂಗಳಿಗೆ 57 ರೂಪಾಯಿ ಮಾತ್ರ. ಆ ಮೊತ್ತವನ್ನು ಮೊದಲ ತಿಂಗಳಿನಿಂದಲೇ ಪ್ರತ್ಯೇಕ ಖಾತೆಗೆ ಹಾಕಿದ ಜಾಲವು ನಾಲ್ಕನೆಯ ವರ್ಷ ಉಪಕರಣ ಬದಲಿಸುತ್ತದೆ. ಹಾಕದ ಜಾಲವು ನಾಲ್ಕನೆಯ ವರ್ಷ ಮಹಾಸಭೆ ಕರೆಯುತ್ತದೆ. ಪುಸ್ತಕದಲ್ಲಿ ಸವಕಳಿ ಬರೆದರೂ ಆ ಹಣ ಬ್ಯಾಂಕಿನಲ್ಲಿ ಇರದಿದ್ದರೆ ಪ್ರಯೋಜನವಿಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ಕಹಿ. ನಲವತ್ತರಲ್ಲಿ ಆರು ಮಂದಿ ಶುಲ್ಕ ಬಾಕಿ ಇಟ್ಟರೆ ಅದೇ 2,60,000 ರೂಪಾಯಿಯನ್ನು ಮೂವತ್ತನಾಲ್ಕು ಮಂದಿ ಹೊರಬೇಕಾಗಿ, ತಲಾ ಹೊರೆ 637 ರೂ. ಆಗುತ್ತದೆ. ಬಾಕಿದಾರರ ಹೊರೆ 95 ರೂಪಾಯಿ. ಸವಕಳಿಯ ಹೊರೆಗಿಂತ ಬಹಳ ಹೆಚ್ಚು. ಊರಿನೊಳಗೆ ದಾಕ್ಷಿಣ್ಯ ಸಹಜ. ಆದ್ದರಿಂದ ಮೂರು ತಿಂಗಳ ಶುಲ್ಕವನ್ನು ಮುಂಗಡವಾಗಿಯೇ ಪಡೆದು, ಅವಧಿ ಮುಗಿದೊಡನೆ ಸಂಪರ್ಕ ತಾನಾಗಿ ನಿಲ್ಲುವಂತೆ ತಂತ್ರಾಂಶದಲ್ಲೇ ಏರ್ಪಡಿಸಿದರೆ ಸಂಬಂಧವೂ ಉಳಿಯುತ್ತದೆ. ಯಂತ್ರದ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಭದ್ರತಾ ಠೇವಣಿ ಪಡೆಯುವುದಿದ್ದರೆ ಅದು ಆದಾಯವಲ್ಲ, ಹಿಂದಿರುಗಿಸಬೇಕಾದ ಹೊಣೆ ಎಂಬುದು ಮೊದಲ ದಿನದಿಂದಲೇ ಖಾತೆಯಲ್ಲಿ ಕಾಣಬೇಕು.

ತೆರಿಗೆಯ ಅಂಶಗಳು ಸಂಕ್ಷೇಪವಾಗಿ ಹೀಗಿವೆ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ಮೀರದಿದ್ದರೆ ಜಿ.ಎಸ್.ಟಿ. ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ. ಆದರೆ ಆಗ ಮೂಲ ಸಂಪರ್ಕ ಮತ್ತು ಉಪಕರಣಗಳ ಮೇಲೆ ತೆತ್ತ ಶೇಕಡಾ 18ರ ತೆರಿಗೆ ವೆಚ್ಚವಾಗಿಯೇ ಉಳಿಯುತ್ತದೆ. ಚಂದಾದಾರರಲ್ಲಿ ಹೆಚ್ಚಿನವರು ನೋಂದಾಯಿತ ವರ್ತಕರೇ ಆಗಿದ್ದರೆ ಸ್ವಇಚ್ಛೆಯ ನೋಂದಣಿಯೇ ಲಾಭಕರ. ಅವರು ತೆತ್ತ ತೆರಿಗೆ ಅವರಿಗೆ ಜಮೆಯಾಗಿ ಸಿಗುತ್ತದೆ. ಮನೆಗಳೇ ಹೆಚ್ಚಿದ್ದರೆ 542 ರೂಪಾಯಿಯ ಶುಲ್ಕ 640ಕ್ಕೆ ಏರುವುದನ್ನು ಯೋಚಿಸಬೇಕು. ಆದಾಯ ತೆರಿಗೆಯಲ್ಲಿ, ಗಣಕಯಂತ್ರದ ಭಾಗವಾಗಿ ಕೆಲಸ ಮಾಡುವ ರೌಟರ್, ಸ್ವಿಚ್ಚುಗಳನ್ನು ಗಣಕಯಂತ್ರವೆಂದೇ ಪರಿಗಣಿಸಿ ಹೆಚ್ಚಿನ ಸವಕಳಿ ನೀಡಬಹುದೆಂದು ಮುಂಬಯಿಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ವಿಶೇಷ ಪೀಠವು 2010ರಲ್ಲಿ ಡೇಟಾಕ್ರಾಫ್ಟ್ ಪ್ರಕರಣದಲ್ಲಿ ಹೇಳಿದೆ. ಸದಸ್ಯರಿಗಷ್ಟೇ ಸೇವೆ ಕೊಡುವ ಸಂಘಗಳು ಪರಸ್ಪರತೆಯ ತತ್ವವನ್ನು ನೆಚ್ಚಿಕೊಂಡು ಜಿ.ಎಸ್.ಟಿ.ಯನ್ನು ಮರೆಯಬಾರದು, 2021ರ ಹಣಕಾಸು ಕಾಯಿದೆಯು ಆ ಬಾಗಿಲನ್ನು 2017ರಿಂದಲೇ ಪೂರ್ವಾನ್ವಯವಾಗಿ ಮುಚ್ಚಿತು. 2025ರಲ್ಲಿ ಕೇರಳ ಹೈಕೋರ್ಟ್ ಆ ತಿದ್ದುಪಡಿಯನ್ನು ಅಸಾಂವಿಧಾನಿಕವೆಂದಿದೆಯಾದರೂ ಅದನ್ನೇ ನಂಬಿ ಶುಲ್ಕ ನಿಗದಿ ಮಾಡುವುದು ಜಾಣತನವಲ್ಲ.

ಒಡೆತನ

ಊರಿನವರೇ ಸೇರಿ ಸಾರ್ವಜನಿಕ ಸೌಕರ್ಯವೊಂದನ್ನು ನಡೆಸುವುದು ಕರ್ನಾಟಕಕ್ಕೆ ಹೊಸತಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸದಸ್ಯರ ಒಡೆತನದಲ್ಲಿ ವಿದ್ಯುತ್ ವಿತರಣೆ ನಡೆಸುತ್ತ ಬಂದಿದೆ. ಹೊರದೇಶದಲ್ಲಿ ಸ್ಪೇನಿನ ಕ್ಯಾಟಲೋನಿಯಾದ ಗುಯ್‌ಫಿ ಜಾಲ 2004ರಲ್ಲಿ ಹಳ್ಳಿಗಾಡಿನಲ್ಲಿ ಹುಟ್ಟಿ 30,000ಕ್ಕೂ ಮಿಕ್ಕಿ ಕೇಂದ್ರಗಳಿಗೆ ಬೆಳೆಯಿತು. ಅಲ್ಲಿ ಜಾಲವನ್ನು ಬಳಸಿ ವ್ಯಾಪಾರ ಮಾಡುವವರು ಎಷ್ಟು ಬಂಡವಾಳ ಹಾಕಿದರು, ಎಷ್ಟು ಬಳಸಿದರು ಎಂಬುದನ್ನು ನಿಯತಕಾಲಿಕವಾಗಿ ತಾಳೆ ನೋಡಿ, ಹೆಚ್ಚು ಬಳಸಿದವರು ಹೆಚ್ಚು ಹಾಕಿದವರಿಗೆ ವ್ಯತ್ಯಾಸ ತುಂಬಿಕೊಡುವ ಪದ್ಧತಿಯಿದೆ. ದಕ್ಷಿಣ ಕನ್ನಡದ ವರ್ತಕರಿಗೆ ಇದು ಪರಸ್ಪರ ಖಾತೆ ಚುಕ್ತಾ ಮಾಡಿಕೊಳ್ಳುವ ಹಳೆಯ ಕ್ರಮವೇ.

ನೋಂದಣಿಯ ರೂಪ ಆರಿಸುವಾಗ, 1960ರ ಸಂಘಗಳ ನೋಂದಣಿ ಕಾಯಿದೆಯಡಿ ಲಾಭ ಹಂಚುವಂತಿಲ್ಲವೆಂಬುದನ್ನೂ, 1959ರ ಸಹಕಾರ ಸಂಘಗಳ ಕಾಯಿದೆ ಅಥವಾ 1997ರ ಸೌಹಾರ್ದ ಕಾಯಿದೆಯಡಿ ಲಾಭಾಂಶಕ್ಕೆ ಅವಕಾಶವಿದ್ದರೂ ಲೆಕ್ಕ ತಪಾಸಣೆ, ಚುನಾವಣೆಗಳ ವಿಧಿಗಳಿರುವುದನ್ನೂ ತೂಗಿ ನೋಡಬೇಕು. ನಾಲ್ಕೈದು ಘಟಕಗಳಷ್ಟೇ ಸೇರುವುದಿದ್ದರೆ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯೇ ಸಾಕು. ಈಗಾಗಲೇ ಕಟ್ಟಡ, ಸಿಬ್ಬಂದಿ, ವಿಶ್ವಾಸ ಮೂರೂ ಇರುವ ಹಾಲು ಉತ್ಪಾದಕರ ಸಂಘವು ಪಿಎಂ-ವಾಣಿ ಕಚೇರಿಯಾಗುವುದಾದರೆ ಹೊಸ ಸಂಸ್ಥೆಯೇ ಬೇಕಾಗುವುದಿಲ್ಲ. ಅದರ ಉಪನಿಯಮ ಒಪ್ಪುತ್ತದೆಯೇ ಎಂದು ಮೊದಲು ನೋಡಿಕೊಂಡರಾಯಿತು. ಕಂಪನಿಯ ಫೈಬರ್ ಮುಂದಿನ ವರ್ಷ ಬರುವ ಲಕ್ಷಣವಿರುವ ಊರಿನಲ್ಲಿ ಇದಾವುದಕ್ಕೂ ಕೈಹಾಕದಿರುವುದೇ ಮೇಲು.

ಕಂಬ ನಿಲ್ಲುವ ಜಾಗದ ಕರಾರನ್ನು ಮಾತ್ರ ಬಾಯಿಮಾತಿಗೆ ಬಿಡಬಾರದು. ಕನಿಷ್ಠ ಐದು ವರ್ಷದ ಅವಧಿ, ಬಾಡಿಗೆಯ ಮೊತ್ತ, ವಿದ್ಯುತ್ತಿನ ಲೆಕ್ಕಕ್ಕೆ ಪ್ರತ್ಯೇಕ ಸಬ್ ಮೀಟರ್, ರಾತ್ರಿ ದುರಸ್ತಿಗೆ ಪ್ರವೇಶ, ಸಿಡಿಲಿನಿಂದ ಮನೆಗೆ ಹಾನಿಯಾದರೆ ವಿಮೆಯ ಹೊಣೆ ಯಾರದು, ಕುಟುಂಬದಲ್ಲಿ ಪಾಲಾದರೆ ಅಥವಾ ಜಾಗ ಮಾರಾಟವಾದರೆ ಉಪಕರಣ ತೆಗೆದುಕೊಳ್ಳಲು ಎಷ್ಟು ದಿನ ಎಂಬುದಿಷ್ಟು ಛಾಪಾ ಕಾಗದದಲ್ಲಿ ಇರಬೇಕು. ಆ ಮನೆಯವರಿಗೆ ಉಚಿತ ಸಂಪರ್ಕ ಕೊಡುವುದಿದ್ದರೆ ಅದನ್ನೂ ಬಾಡಿಗೆಯ ಭಾಗವೆಂದೇ ಕರಾರಿನಲ್ಲಿ ಕಾಣಿಸಿ, ಖಾತೆಯಲ್ಲಿ ಎರಡೂ ಬದಿಗೆ ಬರೆಯುವುದು ಕ್ರಮ.